‘ನಿಮಗೇನ್ ಕಮ್ಮಿ ಸಾವ್ಕಾರ್ರೇ?’

ಗೃಹಪ್ರವೇಶ ಆಗಿ ಹನ್ನೊಂದು ದಿನ ಆಗಿತ್ತು. 2017ರ ಕೊನೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಹೊಸ ಮನೆಯ ಮೆಟ್ಟಿಲ ಮೇಲೆ ಬಂದು ಕೂತವನು ಐದಕ್ಕೆ ಹಾಲಿನವನು ಬರುವವರೆಗೂ ಅಲ್ಲೇ ಇದ್ದೆ. ಒಳಗೆ ತೇಗದ ಬಾಗಿಲು, ಇಟಾಲಿಯನ್ ಮಾರ್ಬಲ್, ಹೆಂಡತಿ ಆಸೆಪಟ್ಟು ಮಾಡಿಸಿದ ದೇವರ ಕೋಣೆ. ತಿಪಟೂರು ಎಪಿಎಂಸಿಯಲ್ಲಿ ಅಪ್ಪನ ಕಾಲದಿಂದ ನಡೆದುಬಂದ ಕೊಬ್ಬರಿ ಮಂಡಿ. ಆಗ ರೇಟೂ ಏರುತ್ತಿತ್ತು. ಇದ್ಯಾವುದೂ ನನಗೆ ಖುಷಿಯನ್ನಾಗಲೀ ದುಃಖವನ್ನಾಗಲೀ ತರುತ್ತಿರಲಿಲ್ಲ. ಏನೂ ಅನ್ನಿಸುತ್ತಲೇ ಇರಲಿಲ್ಲ. ಹಾಲಿನವನು ಸೈಕಲ್ ನಿಲ್ಲಿಸಿ, “ಇದ್ಯಾಕೆ ಹಿಂಗ್ ಕೂತಿದೀರಾ? ನಿಮಗೇನ್ ಕಮ್ಮಿ ಸಾವ್ಕಾರ್ರೇ?” ಅಂದ. ಪಾಪ, ಅವನು ಕೇಳಿದ್ದು ಅಕ್ಕರೆಯಿಂದಲೇ.

ಆಗ ನನಗೆ 49 ವರ್ಷ. ಆಮೇಲೆ ಖಿನ್ನತೆ ಎಂದು ಗೊತ್ತಾಯಿತು, ಚಿಕಿತ್ಸೆ ಆಯಿತು, ಎದ್ದೆ, ಮತ್ತೆ ಬಿದ್ದೆ, ಮತ್ತೆ ಎದ್ದೆ. ನಾನು ಡಾಕ್ಟರಲ್ಲ, ವ್ಯಾಪಾರಿ. ನಷ್ಟದಲ್ಲಿ ಕಲಿತದ್ದನ್ನು ವ್ಯಾಪಾರಿಗಳು ಪುಕ್ಕಟೆ ಹೇಳುವುದು ಅಪರೂಪ. ಇದೊಂದನ್ನು ಹೇಳಿಬಿಡುತ್ತೇನೆ.

1. ಇರುವುದರ ಪಟ್ಟಿ ಮಾಡಬೇಡಿ

ಹಾಲಿನವನ ಪ್ರಶ್ನೆಗೆ ಉತ್ತರ ಹುಡುಕಲು ಕೂತದ್ದೇ ನನ್ನ ಮೊದಲ ತಪ್ಪು. ಒಂದು ರಾತ್ರಿ ಹಳೇ ರಸೀದಿ ಪುಸ್ತಕದ ಬೆನ್ನಿಗೆ ನನಗಿರುವುದನ್ನೆಲ್ಲ ಬರೆದೆ. ಮನೆ, ತೋಟ, ಎರಡು ಸೈಟು, ಬ್ಯಾಂಕಿನಲ್ಲಿಟ್ಟದ್ದು, ಚೆನ್ನಾಗಿ ಓದುವ ಮಗಳು, ಶುಗರ್ ಇಲ್ಲದ ಮೈ. ಹದಿನಾಲ್ಕು ಸಾಲು ಆಯಿತು. ಬರೆದು ಮುಗಿಸಿದಾಗ ಸಮಾಧಾನ ಬರುವ ಬದಲು ನಾಚಿಕೆ ಬಂತು. ಇಷ್ಟಿದ್ದೂ ಹೀಗೆ ಬಿದ್ದಿದ್ದೀಯಲ್ಲ, ಉಂಡ ಅನ್ನದ ಋಣ ಇಲ್ಲದವನೇ ಎಂದು ನನ್ನನ್ನೇ ಬೈದುಕೊಂಡೆ. ಮಾಡದ ತಪ್ಪಿಗೆ ತನ್ನನ್ನೇ ಹಳಿದುಕೊಳ್ಳುವುದು ಈ ಕಾಯಿಲೆಯ ಲಕ್ಷಣಗಳಲ್ಲೊಂದು ಎಂದು ಆಮೇಲೆ ತಿಳಿಯಿತು. ಪಟ್ಟಿ ಉದ್ದವಾದಷ್ಟೂ ಬೈಗುಳವೂ ಉದ್ದವಾಗುತ್ತಿತ್ತು.

ಇಲ್ಲದವನಿಗೆ ಖಿನ್ನತೆ ಬಂದರೆ ಜನ ಬಡತನ ಅನ್ನುತ್ತಾರೆ, ಇದ್ದವನಿಗೆ ಬಂದರೆ ಕೊಬ್ಬು ಅನ್ನುತ್ತಾರೆ. ಕೊಬ್ಬರಿ ವ್ಯಾಪಾರಿಗೆ ಆ ಮಾತು ಇನ್ನೂ ಸುಲಭವಾಗಿ ಅಂಟುತ್ತದೆ. ಎರಡೂ ಕಡೆ ಚಿಕಿತ್ಸೆಯ ಮಾತು ಬರುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಖಿನ್ನತೆಯ ತೊಂದರೆ ಇದೆ. ಅಂಥ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದಕ್ಕಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ವಾರಕ್ಕೆ ಎಷ್ಟು ಜನ ಓಡಾಡುತ್ತಾರೆ ಎಂದು ನೆನೆದು, ಅಂದಾಜು ಹಾಕಿ, ಆ ಲೆಕ್ಕ ಅಲ್ಲಿಗೇ ನಿಲ್ಲಿಸಿದೆ.

2. ಮೊದಲು ಮಾತ್ರೆ, ತತ್ವ ಆಮೇಲೆ

ಅಕ್ಕ ಬಂದು ಕಣ್ಣು ಬಿದ್ದಿದೆ ಎಂದು ದೃಷ್ಟಿ ತೆಗೆದಳು. ಧರ್ಮಸ್ಥಳಕ್ಕೆ ಹೋಗಿಬಂದೆವು. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂದರು, ನಾಲ್ಕು ತಿಂಗಳು ಅದರ ಮಾತ್ರೆ ನುಂಗಿದೆ. ಪ್ರವಚನಕ್ಕೂ ಹೋದೆ. ಅಲ್ಲಿ ಆಸೆಯೇ ದುಃಖಕ್ಕೆ ಮೂಲ ಎಂದು ಹೇಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತು ಯೋಚಿಸಿದೆ: ನನಗೆ ಯಾವ ಆಸೆಯಿದೆ? ಬೆಳಿಗ್ಗೆ ಒಂದು ಲೋಟ ಕಾಫಿ ಬೇಕು ಎಂಬ ಆಸೆಯೂ ಉಳಿದಿಲ್ಲವಲ್ಲ. ಆಸೆ ಬಿಟ್ಟವನು ಬುದ್ಧನಾಗುವುದಾದರೆ ನಾನು ಆಗಲೇ ಆಗಿರಬೇಕಿತ್ತು. ಆಸೆ ಹೆಚ್ಚಾದವನಿಗೆ ಕೊಡುವ ಔಷಧಿಯನ್ನು ಆಸೆ ಸತ್ತವನಿಗೆ ಕೊಡಬಾರದು. ಧನ, ಕನಕ, ಭೋಗ, ತ್ಯಾಗ ಇವೆಲ್ಲ ದೊಡ್ಡ ಮಾತುಗಳು, ಒಪ್ಪುತ್ತೇನೆ. ಜ್ವರ 104 ಇರುವಾಗ ಅವನ್ನು ಯಾರೂ ಆಡುವುದಿಲ್ಲ.

ಒಂದು ರಾತ್ರಿ ಹೆಂಡತಿಗೆ ಹೇಳಿದೆ, “ಬದುಕಿದ್ದು ಏನ್ ಮಾಡ್ಬೇಕು ಅನ್ನಿಸ್ತಿದೆ ಕಣೇ.” ಅವಳು ಬೈಯಲಿಲ್ಲ, ಮಗಳ ಮುಖ ನೆನೆಸಿಕೋ ಅನ್ನಲಿಲ್ಲ, ಅಳಲೂ ಇಲ್ಲ. “ನಾಳೆ ತುಮಕೂರಿಗೆ ಹೋಗಾನ” ಅಂದಳು, ಅಷ್ಟೇ. ತಿಪಟೂರಿನಲ್ಲೇ ತೋರಿಸಿದರೆ ಮಧ್ಯಾಹ್ನದೊಳಗೆ ಇಡೀ ಮಂಡಿಗೆ ಸುದ್ದಿ ಎಂಬ ಅಂಜಿಕೆ ನನ್ನದು. ಈಗ ಆ ಅಂಜಿಕೆ ನೆನೆದರೆ ನಗು ಬರುತ್ತದೆ. ಆಗ ರೈಲಿನಲ್ಲಿ ಪರಿಚಯದವರು ಸಿಕ್ಕಾಗ ಮದುವೆಗೆ ಅಂದೆವು. ಮನೋವೈದ್ಯರು ನಿದ್ದೆ, ಹಸಿವು, ಸ್ನಾನ, ಗಡ್ಡ, ಸಾವಿನ ಯೋಚನೆ ಎಲ್ಲವನ್ನೂ ಕೇಳಿದರು. ನನಗೆಷ್ಟು ಆಸ್ತಿ ಎಂದು ಕೇಳದೆ ಇದ್ದವರು ಆ ವರ್ಷ ಅವರೊಬ್ಬರೇ.

ಬರೆದುಕೊಟ್ಟದ್ದು ಎಸಿಟಾಲೋಪ್ರಾಮ್. ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು ಅಂದರು. ಹಾಗೆಯೇ ಆಯಿತು. ಮೂರನೇ ತಿಂಗಳಿಗೆ ನಿದ್ದೆ ಸರಿಹೋಯಿತು. ಇನ್ನೇಕೆ ಎಂದು ನಾನೇ ಮಾತ್ರೆ ನಿಲ್ಲಿಸಿದೆ. ತಲೆ ತಿರುಗಿತು, ತಿಂಗಳೊಳಗೆ ಮತ್ತೆ ಮೆಟ್ಟಿಲ ಮೇಲೆ ಕೂತಿದ್ದೆ. ಚೆನ್ನಾದ ಮೇಲೂ ಆರರಿಂದ ಒಂಬತ್ತು ತಿಂಗಳಾದರೂ ಮುಂದುವರಿಸಬೇಕು, ಬಿಡುವಾಗಲೂ ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು ಎಂದು ಅವರು ಮೊದಲೇ ಹೇಳಿದ್ದರು. ನಮ್ಮ ಕಸುಬಿನವನೇ ಈ ತಪ್ಪು ಮಾಡಬಾರದಿತ್ತು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಹಿಂಗಬೇಕು, ತಿರುಳು ಚಿಪ್ಪು ಬಿಡಬೇಕು, ಕಿವಿ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅವಸರಪಟ್ಟು ಆರನೇ ತಿಂಗಳಿಗೆ ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ.

3. ಕೊಳ್ಳುವ ಹುಚ್ಚು, ಬಿಡುವ ಹುಚ್ಚು ಎರಡನ್ನೂ ನಂಬಬೇಡಿ

ಕಾಯಿಲೆಯ ನಡುವೆ ಒಂದು ದೊಡ್ಡ ಕಾರು ಕೊಂಡೆ. ಹೊಸ ಸೀಟಿನ ವಾಸನೆ ಪೆಟ್ರೋಲ್ ಬಂಕ್ ತಲುಪುವವರೆಗೆ ಹಿತವಾಗಿತ್ತು. ಬಂಕಿನಿಂದ ಮನೆಗೆ ಬರುವಷ್ಟರಲ್ಲಿ ಅದೂ ಒಂದು ಕಾರು. ಎರಡು ತಿಂಗಳ ನಂತರ ತದ್ವಿರುದ್ಧ ಹುಚ್ಚು ಹಿಡಿಯಿತು: ಎಲ್ಲ ಮಾರಿ, ತೋಟ ತಮ್ಮನಿಗೆ ಬರೆದುಕೊಟ್ಟು, ಎಲ್ಲಾದರೂ ಹೋಗಿ ಸುಮ್ಮನೆ ಇದ್ದುಬಿಡಬೇಕು. ಇದು ನೋಡುವವರಿಗೆ ವೈರಾಗ್ಯದಂತೆ ಕಾಣುತ್ತದೆ, ಕೆಲವರು ಕೈಮುಗಿದೂ ಬಿಡುತ್ತಾರೆ. ಡಾಕ್ಟರಿಗೆ ಹೇಳಿದಾಗ, ಗುಣವಾಗುವವರೆಗೆ ಯಾವ ಪತ್ರಕ್ಕೂ ಸಹಿ ಹಾಕಬೇಡಿ ಅಂದರು. ಗುಣವಾದ ಮೇಲೆ ಕಾರು ನಷ್ಟಕ್ಕೆ ಮಾರಿದೆ, ತೋಟ ಇಟ್ಟುಕೊಂಡೆ. ಹಣದ ಆಚೆಗಿನ ಸುಖ ಹುಡುಕುವ ಹುಮ್ಮಸ್ಸಿನಲ್ಲಿ ಹೆಂಡತಿ ಮಕ್ಕಳ ಅನ್ನ ದಾನ ಮಾಡುವವರನ್ನು ಕಂಡರೆ ಇವತ್ತಿಗೂ ನನಗೆ ಅನುಮಾನ.

4. ಚಟ್ನಿಗೆ ಉಪ್ಪು ಜಾಸ್ತಿ

ಸುಖ ವಾಪಸು ಬರುವಾಗ ನಾದಸ್ವರ ಊದಿಸಿಕೊಂಡು ಬರುತ್ತದೆ ಎಂದು ಕಾಯುತ್ತಿದ್ದೆ. ಅದು ಬಂದದ್ದು ಕೆ.ಬಿ. ಕ್ರಾಸಿನಲ್ಲಿ. ತುಮಕೂರಿನಿಂದ ಬರುತ್ತಾ ಇಡ್ಲಿ ತಿನ್ನಲು ನಿಂತಿದ್ದೆವು. ಎರಡನೇ ತುತ್ತಿಗೆ ಮುಖ ಕಿವುಚಿ, “ಚಟ್ನಿಗೆ ಉಪ್ಪು ಜಾಸ್ತಿ ಹಾಕವ್ರೆ” ಅಂದೆ. ಹೆಂಡತಿ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ನನ್ನನ್ನೇ ನೋಡಿದಳು. ಎಂಟು ತಿಂಗಳಿಂದ ನಾನು ಏನು ಹಾಕಿದರೂ ತಿಂದಿದ್ದೆ, ಉಪ್ಪಿಲ್ಲದ ಸಾರನ್ನೂ ಮಾತಾಡದೆ ಉಂಡಿದ್ದೆ. “ಇನ್ನೊಂದ್ಸಲ ಹೇಳಿ” ಅಂದಳು. ಹೇಳಿದೆ. ಅವಳು ನಗುತ್ತಾ ಕಣ್ಣೊರೆಸಿಕೊಂಡಳು. ಹೋಟೆಲಿನ ಹುಡುಗ ಹೆದರಿ ಬೇರೆ ಚಟ್ನಿ ತಂದಿಟ್ಟ.

ಮಗಳು ಬೆಂಗಳೂರಿನಿಂದ ಒಂದು ವಿಷಯ ಓದಿ ಹೇಳಿದಳು. 1978ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ದೊಡ್ಡ ಲಾಟರಿ ಹೊಡೆದ 22 ಜನರನ್ನು ಬ್ರಿಕ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಮಾತಾಡಿಸಿದ್ದರಂತೆ. ಗೆದ್ದವರು ಉಳಿದವರಿಗಿಂತ ಹೆಚ್ಚು ಸುಖಿಗಳಾಗಿರಲಿಲ್ಲ; ತಿಂಡಿ ತಿನ್ನುವುದು, ಗೆಳೆಯನ ಜೊತೆ ಹರಟುವುದು, ಒಂದು ಜೋಕು ಕೇಳುವುದು ಇಂಥ ಸಣ್ಣಪುಟ್ಟದರಲ್ಲಿ ಅವರಿಗೆ ಸಿಗುತ್ತಿದ್ದ ಹಿತ ಇನ್ನೂ ಕಡಿಮೆಯಾಗಿತ್ತು. 22 ಜನ ಅಂದರೆ ಸಣ್ಣ ಸ್ಯಾಂಪಲ್. ಒಂದು ಚೀಲ ನೋಡಿ ಲಾರಿ ಲೋಡಿಗೆ ರೇಟು ಕೂಗುವವನಲ್ಲ ನಾನು. ಇನ್ನೂ ಇದೆಯಾ ನೋಡು ಅಂದೆ. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನ ಸಿಕ್ಕಿತು. ಅಲ್ಲಿ ಭಾರಿ ಮೊತ್ತ ಗೆದ್ದವರಿಗೆ ಬದುಕಿನ ಬಗ್ಗೆ ತೃಪ್ತಿ ವರ್ಷಗಟ್ಟಲೆ ಹೆಚ್ಚಾಗಿಯೇ ಇತ್ತು. ದಿನದಿನದ ಖುಷಿ, ಮನಸ್ಸಿನ ಆರೋಗ್ಯ ಇವುಗಳ ಮೇಲೆ ಮಾತ್ರ ಅಷ್ಟು ಪರಿಣಾಮ ಕಾಣಲಿಲ್ಲ. ಇದು ನನ್ನ ಅನುಭವಕ್ಕೆ ಸರಿಯಾಗಿ ಕೂರುತ್ತದೆ. ಬದುಕು ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ಆ ಹದಿನಾಲ್ಕು ಸಾಲು ನೋಡಿ ಚೆನ್ನಾಗಿದೆ ಅನ್ನುತ್ತಿದ್ದೆ. ಇವತ್ತು ಹೇಗಿದೆ ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು.

5. ಸುಖಕ್ಕೂ ಒಂದು ಖಾತೆ ಪುಸ್ತಕ ಇಡಿ

ಇದು ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪಾಠ. ಡಾಕ್ಟರು ಒಂದು ಸಣ್ಣ ನೋಟ್‌ಬುಕ್ ಇಡಲು ಹೇಳಿದರು. ದಿನಕ್ಕೆ ಮೂರು ಕೆಲಸ ಬರೆಯಬೇಕು, ಮನಸ್ಸು ಬರಲಿ ಬಾರದಿರಲಿ ಮಾಡಬೇಕು, ಮಾಡಿದ ಮೇಲೆ ಎಷ್ಟು ಹಿತವಾಯಿತು ಎಂದು ಹತ್ತಕ್ಕೆ ಅಂಕ ಹಾಕಬೇಕು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂದಾಗ, “ಮನಸ್ಸು ಕೊನೇಲಿ ಬರುತ್ತೆ, ಮೊದಲು ಕೈಕಾಲು ಬರಲಿ” ಅಂದರು. ಇದು ಆ ಡಾಕ್ಟರ ಸ್ವಂತ ಉಪಾಯ ಏನಲ್ಲ, ಖಿನ್ನತೆಗೆ ಪ್ರಪಂಚದಾದ್ಯಂತ ಬಳಸುವ ಪದ್ಧತಿ.

ಮೊದಲ ವಾರದ ಪುಟ ಇನ್ನೂ ಇದೆ. ಸ್ನಾನ 1. ಕೆರೆ ಏರಿ ಮೇಲೆ ನಡಿಗೆ 2. ಮಂಡಿ ಲೆಕ್ಕ 0. ಮೂರನೇ ವಾರಕ್ಕೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಳ್ಳೆ ಲಾಭ ಬಂದ ದಿನವೂ ಮಂಡಿ ಲೆಕ್ಕಕ್ಕೆ 1 ದಾಟುತ್ತಿರಲಿಲ್ಲ. ತೋಟದ ಶೆಡ್ಡಿನಲ್ಲಿ ಕೂತ ದಿನ ಮಾತ್ರ 4, 5 ಬರುತ್ತಿತ್ತು. ಮೂವತ್ತು ವರ್ಷ ಯಾವ ಸರಕಿನಲ್ಲಿ ಎಷ್ಟು ಗಿಟ್ಟುತ್ತದೆ ಎಂದು ಪೈಸೆ ಪೈಸೆ ಬರೆದವನು, ಯಾವ ಕೆಲಸದಲ್ಲಿ ಎಷ್ಟು ಹಿತ ಗಿಟ್ಟುತ್ತದೆ ಎಂದು ಒಂದು ದಿನವೂ ಬರೆದಿರಲಿಲ್ಲ.

ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಚಿಪ್ಪು ಬಿಡಿಸುತ್ತಿದ್ದರು. ಎಡಗೈಯಲ್ಲಿ ಕಾಯಿ ತಿರುಗಿಸುತ್ತಾ ಬಲಗೈಯಲ್ಲಿ ಮಚ್ಚಿನ ಬೆನ್ನಿನಿಂದ ಸುತ್ತಲೂ ಟಕ್ ಟಕ್ ಎಂದು ತಟ್ಟಬೇಕು. ಚಿಪ್ಪು ಬಿರಿದು ಬೀಳಬೇಕು, ಒಳಗಿನ ಉಂಡೆ ಎಲ್ಲೂ ಸೀಳದೆ ಗುಂಡಗೆ ಕೈಗೆ ಬರಬೇಕು. ಸೀಳಿದರೆ ಉಂಡೆ ಕೊಬ್ಬರಿಯ ರೇಟಿಲ್ಲ. ಲಕ್ಷಗಟ್ಟಲೆ ಉಂಡೆ ಮಾರಿದ ನಾನು ಒಂದನ್ನೂ ಬಿಡಿಸಿದವನಲ್ಲ. ಕೂತೆ. ಮೊದಲ ಏಟಿಗೇ ಉಂಡೆ ಎರಡು ಹೋಳು. ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈ ಹಿಡಿದು, “ಅಂಗಲ್ಲ ಸಾವ್ಕಾರ್ರೇ. ಕಾಯಿಗ್ ಹೊಡೀಬ್ಯಾಡಿ, ಚಿಪ್ಪಿಗ್ ಹೊಡೀರಿ” ಅಂದಳು. ಹನ್ನೊಂದು ಕಾಯಲ್ಲಿ ನಾಲ್ಕು ಉಳಿದವು. “ನಿಮಗ್ ಕೂಲಿ ಕೊಟ್ರೆ ನಾವ್ ಮುಳುಗೋಗ್ತೀವಿ” ಎಂದು ಅವಳು ನಕ್ಕಾಗ ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಸಂಜೆ ನೋಟ್‌ಬುಕ್ಕಿನಲ್ಲಿ ಬರೆಯುವಾಗ ನೆನಪಾಯಿತು. 5 ಹಾಕಿದೆ. ತಿಂಗಳು ಕಳೆದ ಮೇಲೆ ಹತ್ತಕ್ಕೆ ಎಂಟು ಉಂಡೆ ಉಳಿಯತೊಡಗಿದವು, ಅಜ್ಜಿ ನನ್ನ ಕಡೆ ನೋಡುವುದನ್ನು ಬಿಟ್ಟಳು.

ಅಲ್ಲಿ ಹಿತ ಕೊಟ್ಟದ್ದು ಯಾವುದು ಎಂದು ಆಮೇಲೆ ತುಂಬ ಯೋಚಿಸಿದ್ದೇನೆ. ಕೈಗೆ ಕೆಲಸ ಇತ್ತು, ತಪ್ಪಿದರೆ ಅಲ್ಲೇ ಗೊತ್ತಾಗುತ್ತಿತ್ತು, ಪಕ್ಕದಲ್ಲಿ ಮನುಷ್ಯರಿದ್ದರು, ಅವರಲ್ಲಿ ಯಾರಿಗೂ ನನ್ನಿಂದ ಚೆಕ್ ಬೇಕಿರಲಿಲ್ಲ. ಕೊನೆಯದು ಪೂರ್ತಿ ನಿಜವಲ್ಲ, ಶನಿವಾರದ ಬಟವಾಡೆ ನಾನೇ ಕೊಡಬೇಕಿತ್ತು. ಆದರೂ ಆ ಹೊತ್ತಿನಲ್ಲಿ ನಾನು ಕಲಿಯುವವನು, ಅವಳು ಗುರು.

ನಿಮಗೂ ಕೊಬ್ಬರಿಯೇ ಹಿತ ಕೊಡುತ್ತದೆ ಎಂದು ಹೇಳುತ್ತಿಲ್ಲ. ನಿಮ್ಮ ಪುಸ್ತಕದಲ್ಲಿ ಅಂಕ ಎಲ್ಲಿ ಏರುತ್ತದೋ ನೋಡಿ. ನನ್ನ ಹೆಂಡತಿಯೂ ಬರೆದು ನೋಡಿದಳು. ಅವಳಿಗೆ ಅತಿ ಹೆಚ್ಚು ಅಂಕ ಬಂದದ್ದು ನಾನು ಮನೆಯಲ್ಲಿಲ್ಲದ ಮಧ್ಯಾಹ್ನಗಳಿಗೆ.

6. ರೇಟಿಗೂ ಮನಸ್ಸಿಗೂ ನಂಟು ಕಡಿದ ಮೇಲೂ ದುಡ್ಡನ್ನು ಹಳಿಯಬೇಡಿ

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ರೇಟು ಅದಕ್ಕಿಂತ ಬಹಳ ಕೆಳಗೆ ಹೋಗಿ ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಎರಡೂ ವರ್ಷದ ನೋಟ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹತ್ತು ವರ್ಷದ ಹಿಂದೆ ಇ-ಟೆಂಡರ್ ಪರದೆಯ ಮೇಲೆ ನೂರು ರೂಪಾಯಿ ಇಳಿದರೆ ನನ್ನ ರಾತ್ರಿಯ ಊಟ ಇಳಿಯುತ್ತಿರಲಿಲ್ಲ.

ಇದನ್ನೊಮ್ಮೆ ಮಂಡಿಗೆ ಬಂದ ರೈತನೊಬ್ಬನಿಗೆ ಜಂಬದಿಂದ ಹೇಳಿದೆ. ಅವನು ಚೀಲದ ಬಾಯಿ ಕಟ್ಟುತ್ತಾ, “ನಿಮಗ್ ಬುಡಿ, ನಡೀತದೆ” ಅಂದ. ಕೆನ್ನೆಗೆ ಹೊಡೆದ ಹಾಗಾಯಿತು. ಎರಡು ಎಕರೆಯವನಿಗೆ ರೇಟು ಇಳಿದರೆ ಮಗನ ಕಾಲೇಜು ಫೀಸು ನಿಲ್ಲುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು. ಆ ಮಾತಿಗೆ ತೂಕ ಬಂದದ್ದು ಅವಳು ಅಕ್ಕಿ ಆಯುವವನ ಹೆಂಡತಿ ಆಗಿದ್ದರಿಂದ. ಅದನ್ನೇ ಅಕ್ಕಿ ಗಿರಣಿಯ ಮಾಲೀಕ ಹೇಳಿದರೆ ಕೇಳುವವರಿಗೆ ಸಿಟ್ಟು ಬರುವುದು ನ್ಯಾಯ.

ಚಿಕಿತ್ಸೆಗೂ ದುಡ್ಡು ಬೇಕು. ನನಗೆ ಇತ್ತು, ಹಾಗಾಗಿ ಬೇಗ ಎದ್ದೆ. ಇದನ್ನು ಮುಚ್ಚಿಟ್ಟು ಸುಖದ ಪಾಠ ಹೇಳಿದರೆ ಮೋಸ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕು. ಪಾಲಿಸಿ ಮಾಡಿಸುವಾಗ ಕೇಳಿ.

7. ಮಾತಾಡಿಸುವವರಿಗಿಂತ ಸುಮ್ಮನೆ ಕೂರುವವರು ಮೇಲು

ಹೈಸ್ಕೂಲ್ ಮೇಷ್ಟ್ರಾಗಿದ್ದ ಗೆಳೆಯನೊಬ್ಬ ಆ ಕೆಟ್ಟ ತಿಂಗಳುಗಳಲ್ಲಿ ಪ್ರತಿ ಸಂಜೆ ಬಂದು ಜಗುಲಿಯಲ್ಲಿ ಕೂತು ಪತ್ರಿಕೆಯ ಪದಬಂಧ ತುಂಬುತ್ತಿದ್ದ. ಒಂದೊಂದು ಸಲ, “ನಾಲ್ಕಕ್ಷರ, ನಡುವೆ ಲ ಇದೆ” ಅನ್ನುತ್ತಿದ್ದ. ನಾನು ಉತ್ತರಿಸದಿದ್ದರೂ ಬೇಸರವಿಲ್ಲ. ಹೋಗುವಾಗ ಡಾ. ಸಿ. ಆರ್. ಚಂದ್ರಶೇಖರ್ ಅವರ ಒಂದು ಪುಸ್ತಕ ಬಿಟ್ಟು ಹೋದ. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಅಷ್ಟು ಸರಳವಾಗಿ, ಅಷ್ಟೊಂದು ಬರೆದವರು ಇನ್ನೊಬ್ಬರಿಲ್ಲ. ಆರು ವಾರ ಅದನ್ನು ತೆರೆಯಲಿಲ್ಲ. ಓದಿದೆಯಾ ಎಂದು ಅವನೂ ಕೇಳಲಿಲ್ಲ.

8. ಹೆಸರು ಬರೆಸಿದ ದಾನಕ್ಕೆ 2 ಅಂಕ

ಚೇತರಿಸಿಕೊಂಡ ಮೇಲೆ ಒಂದು ಶಾಲೆಗೆ ಬೆಂಚು ಕೊಡಿಸಿದೆ. ಪ್ರತಿ ಬೆಂಚಿನ ಬೆನ್ನಿಗೂ ನನ್ನ ಹೆಸರು. ಹಾರ, ಶಾಲು, ಫೋಟೋ. ಸಂಜೆ ಪ್ರಾಮಾಣಿಕವಾಗಿ ಬರೆದೆ: 2. ಅದೇ ತಿಂಗಳು ನಮ್ಮ ಹಮಾಲನೊಬ್ಬ ಮೂರು ವಾರದಿಂದ ಊಟ ಬಿಟ್ಟು ಮೂಲೆ ಸೇರಿದ್ದಾನೆ ಎಂದು ಗೊತ್ತಾಗಿ ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಖರ್ಚಾದದ್ದು ಎರಡು ಟೀ, ಒಂದು ಬನ್ನು. ಅವತ್ತು 8. ನೋಟ್‌ಬುಕ್ಕಿನಲ್ಲಿ ಅದಕ್ಕಿಂತ ದೊಡ್ಡ ಅಂಕ ಮಗಳ ಮದುವೆಯ ದಿನಕ್ಕೆ ಮಾತ್ರ ಇದೆ.

9. ಮತ್ತೆ ಬರಬಹುದು

ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಮತ್ತೆ ಬರಬಹುದು ಅನ್ನುತ್ತಾರೆ ವೈದ್ಯರು. ನನಗೆ 2021ರಲ್ಲಿ, ಕೊರೊನಾ ಎರಡನೇ ಅಲೆಯ ನಂತರ ಬಂತು. ಈ ಸಲ ಗುರುತು ಗೊತ್ತಿತ್ತು: ಮೂರು ಗಂಟೆಯ ಎಚ್ಚರ, ಬೋಳಿಸದ ಗಡ್ಡ, ಒಡೆಯದೆ ಬಿದ್ದ ಲಕೋಟೆಗಳು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನನ್ನನ್ನು ಕೇಳದೆ ಡಾಕ್ಟರಿಗೆ ಫೋನ್ ಮಾಡುವ ಅಧಿಕಾರವನ್ನು ಹೆಂಡತಿಗೆ ಮೊದಲೇ ಕೊಟ್ಟಿದ್ದೆ. ಅವಳು ಎರಡನೇ ವಾರಕ್ಕೇ ಮಾಡಿದಳು. ಸುಖ ಕಂಡುಕೊಂಡೆ ಎಂದು ಬರೆಯುವವರು ಅದು ಜೇಬಿನಲ್ಲಿ ಭದ್ರವಾಗಿದೆ ಎಂಬಂತೆ ಬರೆಯುತ್ತಾರೆ. ನನ್ನದು ಹಾಗಿಲ್ಲ. ಮಾತ್ರೆ ಇನ್ನೂ ನಡೆಯುತ್ತಿದೆ.

ಈಗ ಮಂಡಿಯ ಬಾಗಿಲ ಬಳಿ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿರುವುದು 14416, ಅಂದರೆ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ಇದೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೇ ಕೂತು ತೋರಿಸಬೇಕೆಂದರೆ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ಮೆಟ್ಟಿಲ ಮೇಲೆ ಹೀಗೆ ಕೂತಿದ್ದರೆ ಅವರಿಗೇನು ಕಮ್ಮಿ ಎಂದು ಕೇಳಲು ಹೋಗಬೇಡಿ, ಜೊತೆಗೆ ಹೋಗಿ. ಹೊರಗೆ ಬೆಂಚಿನ ಮೇಲೆ ಎರಡು ಗಂಟೆಯಾದರೂ ಕಾಯಬೇಕಾಗುತ್ತದೆ. ಓದಲು ಒಂದು ಪೇಪರ್ ತೆಗೆದುಕೊಂಡು ಹೋಗಿ.